ಹೊಸ ಗಾಡಿಯ ಮೊದಲ ಐನೂರು ಕಿಲೋಮೀಟರ್

ಹೊಸ ಮೋಟಾರ್ ಸೈಕಲ್ ಅಥವಾ ಸ್ಕೂಟರಿನ ಎಂಜಿನ್ನನ್ನು ಮೊದಲ ಕೆಲವು ನೂರು ಕಿಲೋಮೀಟರ್ ಕೈ ಬಿಗಿಹಿಡಿದು ಓಡಿಸಿ ಹದಕ್ಕೆ ತರುವ ಕ್ರಮವನ್ನು ಬೆಂಗಳೂರಿನ ಗ್ಯಾರೇಜುಗಳಲ್ಲಿ ‘ರನ್ನಿಂಗ್ ಇನ್’ ಎನ್ನುತ್ತಾರೆ. 1960ರ ದಶಕದಿಂದ 1990ರ ದಶಕದ ಕೊನೆಯವರೆಗೆ ಜಯನಗರ, ಬನಶಂಕರಿ, ಜೆ.ಪಿ. ನಗರದ ಮನೆಗಳಲ್ಲಿ ಇದಕ್ಕೆ ಹೆಚ್ಚುಕಡಿಮೆ ವ್ರತದ ಸ್ಥಾನವಿತ್ತು. ವೇಗ ನಲವತ್ತು ದಾಟಬಾರದು, ಹಿಂದೆ ಯಾರನ್ನೂ ಕೂರಿಸಬಾರದು, ಗಾಡಿಯನ್ನು ಬೇರೆಯವರ ಕೈಗೆ ಕೊಡಬಾರದು, ಮೊದಲ ಸರ್ವಿಸ್ ತಪ್ಪಬಾರದು. ಕಂಪನಿಯ ಕೈಪಿಡಿಯಲ್ಲಿ ಇದ್ದದ್ದು ಇದರಲ್ಲಿ ಅರ್ಧ. ಉಳಿದರ್ಧವನ್ನು ಮೆಕ್ಯಾನಿಕ್ಕುಗಳೂ ಅಕ್ಕಪಕ್ಕದವರೂ ಸೇರಿಸಿದ್ದರು.

ಈ ಶಿಸ್ತು ಬೇರೂರಲು ಬಡಾವಣೆಗಳ ಚರಿತ್ರೆಯೂ ಒಂದು ಕಾರಣ. 1948ರಲ್ಲಿ ಶುರುವಾದ ಜಯನಗರ ಅಗಲ ರಸ್ತೆ, ಸಾಲುಮರ, ಬ್ಲಾಕ್‌ಗಳ ಲೆಕ್ಕದಲ್ಲಿ ರೂಪುಗೊಂಡ ಯೋಜಿತ ಬಡಾವಣೆ. ಬನಶಂಕರಿ, ಜೆ.ಪಿ. ನಗರ, ಬಿಟಿಎಂ ಲೇಔಟ್ ಆ ಬಳಿಕ ದಕ್ಷಿಣಕ್ಕೆ ಹಬ್ಬಿದವು. ಇಲ್ಲಿ ಸೈಟು ಕೊಂಡು ಮನೆ ಕಟ್ಟಿದವರಲ್ಲಿ ಸಂಬಳದಾರರೇ ಹೆಚ್ಚು: ಬ್ಯಾಂಕಿನವರು, ಸರ್ಕಾರಿ ನೌಕರರು, ಮೇಷ್ಟ್ರುಗಳು, ಕಾರ್ಖಾನೆಯವರು. ಮನೆ ನಗರದ ದಕ್ಷಿಣದ ಅಂಚಿನಲ್ಲಿ. ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಿದ್ದದ್ದು ಉತ್ತರದ ಜಾಲಹಳ್ಳಿಯಲ್ಲಿ, ಎಚ್‌ಎಎಲ್ ಪೂರ್ವದಲ್ಲಿ, ಕಚೇರಿಗಳು ನಡುವೆ. ಬಿಟಿಎಸ್ ಬಸ್ಸು ಕಾದು ಸಾಕಾದವರಿಗೆ ದ್ವಿಚಕ್ರ ವಾಹನ ಷೋಕಿಯಾಗಿರಲಿಲ್ಲ, ಅಗತ್ಯವಾಗಿತ್ತು.

ಅಗತ್ಯವಿದ್ದ ಮಾತ್ರಕ್ಕೆ ಗಾಡಿ ಸಿಗುತ್ತಿರಲಿಲ್ಲ. ಲೈಸೆನ್ಸ್ ರಾಜ್ಯದ ಆ ದಿನಗಳಲ್ಲಿ ಎಷ್ಟು ಸ್ಕೂಟರ್ ತಯಾರಾಗಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ದಿಲ್ಲಿ. ಮುಂಗಡ ಕಟ್ಟಿ ಬಜಾಜ್ ಸ್ಕೂಟರಿಗೆ ವರ್ಷಗಟ್ಟಲೆ ಕಾಯುವುದು ಸಾಮಾನ್ಯ ಸಂಗತಿ. ವಿದೇಶಿ ವಿನಿಮಯದಲ್ಲಿ ಹಣ ಕಟ್ಟಿದವರಿಗೆ ಸರದಿ ತಪ್ಪಿಸಿ ಬೇಗ ಕೊಡುವ ವ್ಯವಸ್ಥೆಯಿತ್ತು, ಬುಕಿಂಗ್ ಕೈಗೂಡಿದವರು ಅದನ್ನೇ ಲಾಭಕ್ಕೆ ಮಾರಿಕೊಳ್ಳುವುದೂ ಇತ್ತು. ಹೀಗೆ ಬಂದ ಗಾಡಿ ಮಗನ ಕಾಲೇಜು, ಮಗಳ ಮದುವೆ ಮುಗಿಯುವವರೆಗೂ ಬಾಳಬೇಕು. ಮೊದಲ ತಿಂಗಳ ಅವಸರದಲ್ಲಿ ಎಂಜಿನ್ ಕೆಟ್ಟರೆ ಇನ್ನೊಂದು ಕೊಳ್ಳುವ ಮಾತೇ ಇಲ್ಲ. ರನ್ನಿಂಗ್ ಇನ್ ಕಾಲದ ಆ ಅತಿ ಎಚ್ಚರಿಕೆಯ ಹಿಂದೆ ಎಂಜಿನಿಯರಿಂಗ್ ಎಷ್ಟಿತ್ತೋ ಈ ಅಭಾವವೂ ಅಷ್ಟೇ ಇತ್ತು.

ಮೋಟಾರ್ ಸೈಕಲ್ ವಿಷಯದಲ್ಲಿ ಮೈಸೂರು ರಾಜ್ಯದವರಿಗೆ ಒಂದು ಅನುಕೂಲವಿತ್ತು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಅಲ್ಲಿಂದ 1961ರಲ್ಲಿ 250 ಸಿಸಿ ಜಾವಾ ಹೊರಬರತೊಡಗಿತು. ಮುಂದೆ 1970ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಹೆಸರು ತೊಟ್ಟಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಕಿಕ್ಕರನ್ನೇ ಮಡಚಿದರೆ ಗೇರು. ಎಲ್ಲಕ್ಕಿಂತ ಮುಖ್ಯವಾಗಿ, ಅದು ಟೂ ಸ್ಟ್ರೋಕ್. ಬಜಾಜ್ ಚೇತಕ್, ಲ್ಯಾಂಬ್ರೆಟಾ, ರಾಜ್‌ದೂತ್, ಲೂನಾ, ಹೊಸೂರಿನಲ್ಲಿ 1980ರಲ್ಲಿ ಬಂದ ಟಿವಿಎಸ್ 50, ಎಲ್ಲವೂ ಟೂ ಸ್ಟ್ರೋಕ್ ಗಾಡಿಗಳೇ. ಮದರಾಸಿನ ಎನ್‌ಫೀಲ್ಡ್ ಬುಲೆಟ್ ಮಾತ್ರ ಫೋರ್ ಸ್ಟ್ರೋಕ್. ರನ್ನಿಂಗ್ ಇನ್ ಕಟ್ಟುಪಾಡಿನ ಬಹುಭಾಗ ಹುಟ್ಟಿದ್ದು ಈ ಟೂ ಸ್ಟ್ರೋಕ್ ಎಂಜಿನ್ನಿನ ಸ್ವಭಾವದಿಂದ.

ಆ ಕಾಲದ ಸಿಲಿಂಡರಿನ ಒಳಮೈ ಎರಕದ ಕಬ್ಬಿಣ, ಪಿಸ್ಟನ್ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇವೆರಡರ ನಡುವೆ ಬಿಟ್ಟಿರುವ ಸಂದು ಮಿಲಿಮೀಟರಿನ ನೂರನೇ ಒಂದು ಭಾಗದ ನಾಲ್ಕೈದು ಪಾಲು, ಅಂದರೆ ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಕಾರ್ಖಾನೆಯಲ್ಲಿ ಸಿಲಿಂಡರನ್ನು ಕೊರೆದ ಮೇಲೆ ಹೋನಿಂಗ್ ಕಲ್ಲಿನಿಂದ ಉಜ್ಜಿ, ಒಳಮೈ ಮೇಲೆ ಒಂದನ್ನೊಂದು ಓರೆಯಾಗಿ ದಾಟುವ ಸಣ್ಣ ಗೀರುಗಳನ್ನು ಎಳೆಯುತ್ತಾರೆ. ಎಣ್ಣೆ ಆ ಗೀರುಗಳಲ್ಲಿ ನಿಲ್ಲುತ್ತದೆ. ಗೀರುಗಳ ಏಣುಗಳು ಹೊಸದರಲ್ಲಿ ಚೂಪಾಗಿರುತ್ತವೆ. ಪಿಸ್ಟನ್ ರಿಂಗುಗಳು ಅವುಗಳ ಮೇಲೆ ಸಾವಿರಾರು ಸಲ ಓಡಾಡಿ ತುದಿಗಳನ್ನು ಸವೆಸಬೇಕು, ತಾವೂ ಸವೆದು ಸಿಲಿಂಡರಿನ ದುಂಡುತನಕ್ಕೆ ಒಗ್ಗಬೇಕು. ಹೀಗೆ ಒಗ್ಗುವವರೆಗೆ ಉಜ್ಜಾಟ ಹೆಚ್ಚು, ಉಜ್ಜಾಟದಿಂದ ಬಿಸಿ ಹೆಚ್ಚು. ಈ ಹಂತದಲ್ಲಿ ಆ್ಯಕ್ಸಿಲರೇಟರನ್ನು ಪೂರಾ ತಿರುವಿ ಮೈಲುಗಟ್ಟಲೆ ಓಡಿಸಿದರೆ ಪಿಸ್ಟನ್ ಸಂದಿಗಿಂತ ಹೆಚ್ಚು ಹಿಗ್ಗಿ ಸಿಲಿಂಡರನ್ನು ಕಚ್ಚುತ್ತದೆ. ‘ಸೀಜ್ ಆಯ್ತು’ ಎಂದು ಬೆಂಗಳೂರಿನವರು ಹೇಳುತ್ತಿದ್ದದ್ದು ಇದಕ್ಕೇ. ಓಡುತ್ತಿರುವ ಗಾಡಿಯ ಹಿಂದಿನ ಚಕ್ರ ಏಕಾಏಕಿ ಬಿಗಿದುಕೊಳ್ಳುವುದರಿಂದ ಸವಾರನ ಪ್ರಾಣಕ್ಕೂ ಅಪಾಯ. ಹೊಸ ಗಾಡಿ ಓಡಿಸುವವರು ಎಡಗೈಯ ಎರಡು ಬೆರಳನ್ನು ಸದಾ ಕ್ಲಚ್ ಮೇಲೆ ಇಟ್ಟಿರಬೇಕು ಎಂಬ ಬುದ್ಧಿವಾದ ಬಂದದ್ದು ಇಲ್ಲಿಂದ.

ಟೂ ಸ್ಟ್ರೋಕ್ ಎಂಜಿನ್ನಿಗೆ ಇನ್ನೊಂದು ಸಂಕಟವಿದೆ. ಫೋರ್ ಸ್ಟ್ರೋಕಿನಲ್ಲಿ ಎಂಜಿನ್ ಆಯಿಲಿಗೆ ಪ್ರತ್ಯೇಕ ತೊಟ್ಟಿ ಇದ್ದು, ಅಲ್ಲಿಂದ ಅದು ಸುತ್ತುತ್ತಿರುತ್ತದೆ. ಟೂ ಸ್ಟ್ರೋಕಿನ ಪಿಸ್ಟನ್ನಿಗೂ ಬೇರಿಂಗಿಗೂ ಸಿಗುವ ಎಣ್ಣೆ ಪೆಟ್ರೋಲಿನ ಜೊತೆ ಬೆರೆತು ಬಂದಷ್ಟೇ. ಹಳೆಯ ಜಾವಾಗೆ ಲೀಟರ್ ಪೆಟ್ರೋಲಿಗೆ 40ರಿಂದ 50 ಎಂ.ಎಲ್. ಎಣ್ಣೆ, ಮುಂದಿನ ತಲೆಮಾರಿನ ಸ್ಕೂಟರುಗಳಿಗೆ ಶೇ 2, ಅಂದರೆ 20 ಎಂ.ಎಲ್. ರನ್ನಿಂಗ್ ಇನ್ ಮುಗಿಯುವವರೆಗೆ ಈ ಪ್ರಮಾಣವನ್ನು ಏರಿಸುವುದು ವಾಡಿಕೆ. ಪೆಟ್ರೋಲ್ ಬಂಕಿನಲ್ಲಿ ಪಂಪಿನ ಪಕ್ಕದಲ್ಲೇ 2ಟಿ ಆಯಿಲಿನ ಕೈಪಂಪು ಇರುತ್ತಿತ್ತು. ಎಣ್ಣೆ ತಳಕ್ಕೆ ಇಳಿದು ಕಾರ್ಬ್ಯುರೇಟರಿನ ಬಾಯಿ ಕಟ್ಟಬಾರದೆಂದು ಮುಚ್ಚಳ ಹಾಕಿ ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲುಗಾಡಿಸಿ, ಆಮೇಲೆ ಕಿಕ್ ಹೊಡೆಯುತ್ತಿದ್ದರು. ಹೊಸ ಸ್ಕೂಟರಿನ ಹಿಂದೆ ಏಳುವ ನೀಲಿ ಹೊಗೆಗೆ ಈ ಹೆಚ್ಚಿನ ಎಣ್ಣೆಯೇ ಕಾರಣ. ಮುನ್ನೆಚ್ಚರಿಕೆಯೆಂದು ಮನಸ್ಸಿಗೆ ಬಂದಷ್ಟು ಎಣ್ಣೆ ಸುರಿದವರು ಪ್ಲಗ್ ಕಪ್ಪುಗಟ್ಟಿ ನಡುರಸ್ತೆಯಲ್ಲಿ ನಿಲ್ಲುತ್ತಿದ್ದರು.

ಆ ಪ್ಲಗ್ ಕೂಡ ದಕ್ಷಿಣ ಬೆಂಗಳೂರಿನದೇ. 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜನರ ಬಾಯಲ್ಲಿ ಮೈಕೊ, ಆಡುಗೋಡಿಯಲ್ಲಿ ಕಾರ್ಖಾನೆ ಹೂಡಿತು. ಜರ್ಮನಿಯ ಬಾಷ್ ತಂತ್ರಜ್ಞಾನದ ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಪಂಪುಗಳಿಗೆ ದೇಶದಲ್ಲೆಲ್ಲ ಹೆಸರಾದ ಆ ಕಂಪನಿಯ ಗುರುತು ಬಿಟಿಎಂ ಬಳಿಯ ಮೈಕೊ ಲೇಔಟಿನ ಹೆಸರಿನಲ್ಲಿ ಈಗಲೂ ಉಳಿದಿದೆ. ಕಂಪನಿ ಮಾತ್ರ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ರನ್ನಿಂಗ್ ಇನ್ ಸರಿಯಾಗಿ ಸಾಗುತ್ತಿದೆಯೇ ಎಂದು ಮೆಕ್ಯಾನಿಕ್ ತಿಳಿಯುತ್ತಿದ್ದದ್ದು ಪ್ಲಗ್ ಬಿಚ್ಚಿ ನೋಡಿ. ತುದಿ ಕಾಫಿ ಬಣ್ಣಕ್ಕಿದ್ದರೆ ಎಲ್ಲ ಸರಿ. ಒದ್ದೆ ಕಪ್ಪಾಗಿದ್ದರೆ ಎಣ್ಣೆಯೋ ಪೆಟ್ರೋಲೋ ಹೆಚ್ಚು. ಬಿಳಿಚಿಕೊಂಡಿದ್ದರೆ ಎಂಜಿನ್ ಮಿತಿಮೀರಿ ಕಾಯುತ್ತಿದೆ, ಸೀಜ್ ದೂರವಿಲ್ಲ. ಪೆಟ್ರೋಲಿಗಿಂತ ಗಾಳಿಯ ಪಾಲು ಹೆಚ್ಚಾದಷ್ಟೂ ಎಂಜಿನ್ ಹೆಚ್ಚು ಕಾಯುತ್ತದೆ. ಈ ಲೆಕ್ಕದಲ್ಲಿ ಬೆಂಗಳೂರಿನ ಎತ್ತರ ಗಾಡಿಗಳಿಗೆ ತುಸು ನೆರವಾಯಿತು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಇಲ್ಲಿ ಗಾಳಿ ಕರಾವಳಿಗಿಂತ ಶೇ 8ರಷ್ಟು ತೆಳು. ಮದರಾಸಿನ ಲೆಕ್ಕಕ್ಕೆ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಒಂದಿಷ್ಟು ಪೆಟ್ರೋಲನ್ನು ಹೆಚ್ಚಾಗಿಯೇ ಕೊಡುತ್ತದೆ. ಹವೆಯೂ ತಂಪು. ಮೈಲೇಜಿಗೆ ಅದು ನಷ್ಟ, ಹೊಸ ಪಿಸ್ಟನ್ನಿಗೆ ಲಾಭ.

ಓಡಿಸುವ ವಿಧಾನಕ್ಕೆ ಬಂದರೆ, ಕೈಪಿಡಿಗಳು ಒಂದೊಂದು ಗೇರಿಗೂ ಇಷ್ಟೇ ವೇಗ ಎಂದು ಪಟ್ಟಿ ಕೊಡುತ್ತಿದ್ದವು. ಮೊದಲ 500 ಕಿ.ಮೀ. ಟಾಪ್ ಗೇರಿನಲ್ಲಿ 40ರ ಆಸುಪಾಸು, ಅನಂತರ ಸಾವಿರ ಕಿ.ಮೀ. ಮುಟ್ಟುವವರೆಗೆ 50ರ ಆಸುಪಾಸು ಎನ್ನುವುದು ಆ ಪಟ್ಟಿಗಳ ಒಟ್ಟು ಧೋರಣೆ. ಗಾಡಿಯಿಂದ ಗಾಡಿಗೆ ಅಂಕಿ ಬದಲಾಗುತ್ತಿತ್ತು. ಜನರ ನೆನಪಿನಲ್ಲಿ ಉಳಿದದ್ದು ವೇಗದ ಮಿತಿಯೊಂದೇ. ಆದರೆ ಕೈಪಿಡಿಯಲ್ಲಿ ಅಷ್ಟೇ ಮುಖ್ಯವಾದ ಬೇರೆ ಮಾತುಗಳಿದ್ದವು. ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬಾರದು, ಏರಿಸುತ್ತ ಇಳಿಸುತ್ತ ಇರಬೇಕು. ಟಾಪ್ ಗೇರಿನಲ್ಲಿ ನಿಧಾನವಾಗಿ ಎಳೆಸಿ ಎಂಜಿನ್ ತಿಣುಕುವಂತೆ ಮಾಡಬಾರದು. ಚಡಾವಿನಲ್ಲಿ ಗೇರು ಇಳಿಸಲು ಜಿಪುಣತನ ಮಾಡಬಾರದು. ನಲವತ್ತು ದಾಟದಿದ್ದರೆ ಸಾಕು ಎಂದುಕೊಂಡು ಇಬ್ಬರನ್ನು ಹೊತ್ತು ಟಾಪ್ ಗೇರಿನಲ್ಲೇ ದಿಣ್ಣೆ ಹತ್ತಿಸಿದವರು ಅರವತ್ತರಲ್ಲಿ ಓಡಿಸಿದವರಿಗಿಂತ ಹೆಚ್ಚಿನ ಕೆಡುಕು ಮಾಡಿದರು.

ಜಯನಗರದ ಅಗಲವಾದ ನೇರ ರಸ್ತೆಗಳಲ್ಲಿ ಆಗ ವಾಹನ ವಿರಳ. ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು ಹಾಕಿ ಕಿಲೋಮೀಟರ್ ಕೂಡಿಸಬಹುದಿತ್ತು. ಆದರೆ ನಾಲ್ಕಾರು ಕಿಲೋಮೀಟರಿನ ಓಡಾಟದಲ್ಲಿ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಹಾಗಾಗಿ ರಜೆಯ ದಿನ ಊರಾಚೆ ಹೋಗುವುದು ಮೇಲು ಎಂಬುದು ಅನುಭವಿಗಳ ಮಾತು. ಬನಶಂಕರಿಯಿಂದ ಕನಕಪುರ ರಸ್ತೆ, ಜೆ.ಪಿ. ನಗರದಿಂದ ಬನ್ನೇರುಘಟ್ಟ ರಸ್ತೆ ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಹೊಲ, ತೋಪು. ಕನಕಪುರಕ್ಕೆ ಹೋಗಿಬಂದರೆ ನೂರು ಕಿ.ಮೀ. ಮೀರುತ್ತದೆ. ಏರಿಳಿತ, ತಿರುವು, ಊರುಕೇರಿಗಳ ಆ ದಾರಿ ವೇಗ ಬದಲಿಸುತ್ತಿರಬೇಕೆಂಬ ನಿಯಮವನ್ನು ಸವಾರ ತನಗೆ ಗೊತ್ತಾಗದಂತೆಯೇ ಪಾಲಿಸುವಂತೆ ಮಾಡುತ್ತಿತ್ತು. ನಡುವೆ ನಿಲ್ಲಿಸಿ ಎಂಜಿನ್ ಆರಿಸಿ, ತಿಂಡಿ ಕಾಫಿ ಮುಗಿಸಿ ಮತ್ತೆ ಹೊರಡುವುದು ಕ್ರಮದ ಭಾಗವೇ.

ಇಳಿಜಾರಿನ ನಿಯಮ ಮಾತ್ರ ಹೊಸಬರಿಗೆ ವಿಚಿತ್ರವಾಗಿ ಕಾಣುತ್ತಿತ್ತು. ಟೂ ಸ್ಟ್ರೋಕ್ ಗಾಡಿ ಘಟ್ಟ ಇಳಿಯುವಾಗ ಆ್ಯಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಿಟ್ಟರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಒಳಗೆ ಪೆಟ್ರೋಲ್ ಬರುವುದಿಲ್ಲ. ಪೆಟ್ರೋಲ್ ಬಾರದಿದ್ದರೆ ಎಣ್ಣೆಯೂ ಇಲ್ಲ. ಅದಕ್ಕೇ ಹಳಬರು ನಂದಿ ಬೆಟ್ಟ ಇಳಿಯುವಾಗ ಆಗಾಗ ಕ್ಲಚ್ ಹಿಡಿದು, ಆ್ಯಕ್ಸಿಲರೇಟರನ್ನು ಒಂದಿಷ್ಟು ತಿರುವಿ ಎಂಜಿನ್ನಿಗೆ ಎಣ್ಣೆ ‘ಕುಡಿಸುತ್ತಿದ್ದರು’. ಫೋರ್ ಸ್ಟ್ರೋಕ್ ಗಾಡಿ ಕೊಂಡ ಮೇಲೂ ಇದನ್ನು ಬಿಡದವರಿದ್ದರು. ಅಲ್ಲಿ ಅದು ಅಗತ್ಯವೇ ಇರಲಿಲ್ಲ.

ಗಾಡಿ ರಸ್ತೆಗೆ ಇಳಿಯುವ ಮೊದಲು ಪೂಜೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ವಾಹನ ಪೂಜೆಗೆ ಇಡೀ ಊರಿಗೇ ಹೆಸರುವಾಸಿ. ಬಡಾವಣೆಯವರಿಗೆ ಜಯನಗರ 9ನೇ ಬ್ಲಾಕಿನ ರಾಗಿಗುಡ್ಡದ ಆಂಜನೇಯ, ಕನಕಪುರ ರಸ್ತೆಯ ಬನಶಂಕರಿ ಅಮ್ಮ ಹತ್ತಿರ. ಹಾರ, ಅರಿಸಿನ ಕುಂಕುಮ, ಚಕ್ರದಡಿ ನಿಂಬೆಹಣ್ಣು. ಎಂಜಿನ್ನಿಗೂ ನಿಂಬೆಹಣ್ಣಿಗೂ ಸಂಬಂಧವಿಲ್ಲ ಎನ್ನುವುದು ನಿಜ. ಆದರೂ ಆ ದಿನ ಗಾಡಿ ನಡೆದು ಹೋಗುವವರ ವೇಗದಲ್ಲಿ ಮನೆ ಸೇರುತ್ತಿದ್ದುದರಿಂದ ಎಂಜಿನ್ನಿಗೆ ಒಳಿತೇ ಆಯಿತು.

ಮೊದಲ ಉಚಿತ ಸರ್ವಿಸ್ ಸಾಮಾನ್ಯವಾಗಿ 500ರಿಂದ 750 ಕಿ.ಮೀ. ನಡುವೆ. ಇದನ್ನು ಬರೀ ತೊಳೆದು ಒರೆಸುವ ಕೆಲಸವೆಂದು ತಿಳಿದವರು ಬಹಳ. ಎಂಜಿನ್ನಿನ ಆಯುಸ್ಸಿಗೆ ಮಿಕ್ಕೆಲ್ಲ ಸರ್ವಿಸಿಗಿಂತ ಇದು ದೊಡ್ಡದು. ಹೊಸ ಗೇರುಗಳು ಒಂದನ್ನೊಂದು ಉಜ್ಜಿ ಉದುರಿಸಿದ ಲೋಹದ ಪುಡಿ ಗೇರ್ ಬಾಕ್ಸಿನ ಎಣ್ಣೆಯಲ್ಲಿ ಸೇರಿರುತ್ತದೆ. ಬುಲೆಟ್ಟಿನಂಥ ಫೋರ್ ಸ್ಟ್ರೋಕಿನಲ್ಲಿ ರಿಂಗು, ಸಿಲಿಂಡರುಗಳ ಪುಡಿಯೂ ಎಂಜಿನ್ ಆಯಿಲಿನಲ್ಲಿ ತೇಲುತ್ತಿರುತ್ತದೆ. ಆ ಎಣ್ಣೆಯನ್ನು ಆಗಲೇ ಚೆಲ್ಲದಿದ್ದರೆ ಅದೇ ಪುಡಿ ಬೇರಿಂಗುಗಳನ್ನು ತಿನ್ನುತ್ತದೆ. ಇದೇ ಸರ್ವಿಸಿನಲ್ಲಿ ಸಿಲಿಂಡರ್ ಹೆಡ್ಡಿನ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಸಡಿಲವಾದ ಚೈನನ್ನು ಎಳೆದು ಕೂರಿಸಿ, ಕ್ಲಚ್ ಕೇಬಲ್ ಹೊಂದಿಸಿ ಕೊಡುತ್ತಿದ್ದರು.

ಒಂದು ಗಾಡಿಯ ಬಾಳಿನಲ್ಲಿ ರನ್ನಿಂಗ್ ಇನ್ ಒಂದೇ ಸಲ ಮುಗಿಯುತ್ತಿರಲಿಲ್ಲ. ಟೂ ಸ್ಟ್ರೋಕ್ ಸಿಲಿಂಡರ್ ಕಾಲಕ್ರಮದಲ್ಲಿ ಸವೆದು, ಹೊಗೆ ಹೆಚ್ಚಿ, ‘ಪಿಕಪ್’ ಬಿದ್ದುಹೋದಾಗ ಅದನ್ನು ಬೋರ್ ಮಾಡಿಸಬೇಕಿತ್ತು. ಸಿಲಿಂಡರನ್ನು ಕಾಲು ಮಿಲಿಮೀಟರ್ ಅಗಲಿಸಿ ಆ ಅಳತೆಯ ದೊಡ್ಡ ಪಿಸ್ಟನ್ ಹಾಕುವುದು ಮೊದಲ ಬೋರ್. ಮತ್ತೆ ಸವೆದರೆ ಅರ್ಧ, ಮುಕ್ಕಾಲು, ಕೊನೆಗೆ ಒಂದು ಮಿಲಿಮೀಟರ್. ಅಲ್ಲಿಗೆ ಆ ಸಿಲಿಂಡರಿನ ಕಥೆ ಮುಗಿಯಿತು. ಪಿಸ್ಟನ್ ಕಿಟ್ಟಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಕೊರೆಯುವುದಕ್ಕೆ ಕಲಾಸಿಪಾಳ್ಯ, ವಿಲ್ಸನ್ ಗಾರ್ಡನ್ ಕಡೆಯ ಲೇತ್ ಶೆಡ್ಡುಗಳು. ಎಚ್‌ಎಂಟಿಯಂಥ ಯಂತ್ರೋಪಕರಣದ ಕಾರ್ಖಾನೆಗಳಿದ್ದ ಊರಿನಲ್ಲಿ ಮೈಕ್ರೋಮೀಟರ್ ಓದಬಲ್ಲ ಟರ್ನರುಗಳಿಗೆ ಬರವಿರಲಿಲ್ಲ. ಪ್ರತಿ ಬೋರಿನ ಬಳಿಕ ವ್ರತ ಮೊದಲಿನಿಂದ ಶುರು. ಹೋನಿಂಗಿನಲ್ಲಿ ಕೈ ತಪ್ಪಿದರೆ, ಸಂದು ತುಸು ಕಡಿಮೆಯಾದರೆ ಎಷ್ಟೇ ನಿಧಾನವಾಗಿ ಓಡಿಸಿದರೂ ಗಾಡಿ ಹಿಡಿದುಕೊಳ್ಳುತ್ತಿತ್ತು. ಸವಾರ ಮೆಕ್ಯಾನಿಕ್ಕನ್ನು, ಮೆಕ್ಯಾನಿಕ್ ಲೇತಿನವನನ್ನು, ಲೇತಿನವನು ಎಣ್ಣೆಯನ್ನು ಬೈದುಕೊಳ್ಳುವುದು ಆಮೇಲಿನ ಮಾತು.

1980ರ ದಶಕದ ನಡುವಿನಲ್ಲಿ ಜಪಾನಿನ ತಂತ್ರಜ್ಞಾನ ಬಂತು. ಹೊಸೂರಿನಿಂದ 1984ರಲ್ಲಿ ಇಂಡ್-ಸುಜುಕಿ, ಮರುವರ್ಷ ಎಸ್ಕಾರ್ಟ್ಸ್‌ನ ಯಮಹಾ ಆರ್‌ಎಕ್ಸ್ 100 ಮತ್ತು ಹೀರೊ ಹೋಂಡಾ ಸಿಡಿ 100. ಆರ್‌ಎಕ್ಸ್ 100 ಟೂ ಸ್ಟ್ರೋಕೇ ಆದರೂ ಎಣ್ಣೆಗೆ ಬೇರೆ ಟ್ಯಾಂಕ್ ಇತ್ತು. ಆ್ಯಕ್ಸಿಲರೇಟರ್ ತಿರುವಿದಷ್ಟಕ್ಕೆ ತಕ್ಕಂತೆ ಪಂಪೊಂದು ಎಣ್ಣೆ ಕೊಡುತ್ತಿತ್ತು. ಬಂಕಿನಲ್ಲಿ ಗಾಡಿ ಅಲುಗಾಡಿಸುವ ಕೆಲಸ ತಪ್ಪಿತು. ಕಷ್ಟ ಬಂದದ್ದು ಇನ್ನೊಂದು ಕಡೆಯಿಂದ. 98 ಸಿಸಿಯಲ್ಲಿ 11 ಅಶ್ವಶಕ್ತಿ ಕೊಡುತ್ತಿದ್ದ ಆ ಹಗುರ ಗಾಡಿಯನ್ನು ನಲವತ್ತರಲ್ಲಿ ಓಡಿಸುವ ಸಂಯಮ ಕಾಲೇಜು ಹುಡುಗರಿಗೆ ಎಲ್ಲಿಂದ ಬರಬೇಕು? ಅಪ್ಪಂದಿರ ಚೇತಕ್ ಹದಕ್ಕೆ ಬಂದಿತು, ಮಕ್ಕಳ ಆರ್‌ಎಕ್ಸ್ ಬೋರಿಂಗಿಗೆ ಹೋಯಿತು ಎನ್ನುವುದು ಆ ಕಾಲದ ಗ್ಯಾರೇಜಿನ ಹಾಸ್ಯ. ಹೀರೊ ಹೋಂಡಾ ದಾರಿಯೇ ಬೇರೆ. ಫೋರ್ ಸ್ಟ್ರೋಕ್, ಲೀಟರಿಗೆ ಹೆಚ್ಚು ಮೈಲೇಜು, ತಾಳ್ಮೆಯ ಎಂಜಿನ್. ದೇಶದ ರಸ್ತೆಗಳನ್ನು ಕೊನೆಗೆ ಗೆದ್ದದ್ದು ಅದೇ ಜಾತಿ.

ಗ್ಯಾರೇಜಿನ ನಂಬಿಕೆಗಳಲ್ಲಿ ತಪ್ಪುಗಳೂ ಇದ್ದವು. ಹೊಸ ಗಾಡಿಯನ್ನು ಸ್ಟ್ಯಾಂಡ್ ಹಾಕಿ ಗಂಟೆಗಟ್ಟಲೆ ಸುಮ್ಮನೆ ಸ್ಟಾರ್ಟಿನಲ್ಲಿಟ್ಟರೆ ರನ್ನಿಂಗ್ ಇನ್ ಬೇಗ ಮುಗಿಯುತ್ತದೆ ಎಂಬುದು ಅವುಗಳಲ್ಲಿ ಕೆಟ್ಟದ್ದು. ನಿಂತ ಗಾಡಿಯ ಎಂಜಿನ್ನಿಗೆ ಗಾಳಿ ತಾಗದು, ಭಾರವೂ ಬೀಳದು. ರಿಂಗುಗಳನ್ನು ಸಿಲಿಂಡರಿನ ಗೋಡೆಗೆ ಒತ್ತುವುದು ಉರಿಯುವ ಅನಿಲದ ಒತ್ತಡ. ಭಾರವಿಲ್ಲದಿದ್ದರೆ ಒತ್ತಡ ಸಾಲದು, ರಿಂಗು ಕೂರದು, ಗೀರುಗಳ ಮೇಲೆ ಸುಟ್ಟ ಎಣ್ಣೆ ಗಾಜಿನಂತೆ ಅಂಟಿಕೊಳ್ಳುತ್ತದೆ. ಆಮೇಲೆ ಆ ಎಂಜಿನ್ ಜೀವನಪೂರ್ತಿ ಎಣ್ಣೆ ಕುಡಿಯುತ್ತದೆ. ತಿಂಗಳುಗಟ್ಟಲೆ ಇಪ್ಪತ್ತೈದು ದಾಟಿಸದೆ ಮುದ್ದಿನಿಂದ ಸಾಕಿದವರ ಗಾಡಿಗಳಿಗೂ ಆದದ್ದು ಇದೇ. ಹದವಾಗಿ ಬಿಸಿಯಾದ ಎಂಜಿನ್ನಿಗೆ ಆಗಾಗ ತುಸು ಹೊತ್ತು ಚೆನ್ನಾಗಿ ಕೆಲಸ ಕೊಟ್ಟು ಮತ್ತೆ ಇಳಿಸುವುದೇ ಸರಿಯಾದ ಮಾರ್ಗ.

ಹಿಮದ ದೇಶಗಳ ಅನುಭವವೂ ಇದನ್ನೇ ಹೇಳುತ್ತದೆ. 1959ರಲ್ಲಿ ಕೆನಡಾದ ಕ್ವಿಬೆಕ್ಕಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಮಾರುಕಟ್ಟೆಗೆ ತಂದ ಸ್ಕಿ-ಡೂ ಹಿಮವಾಹನದ ವಂಶದಲ್ಲಿ ಟೂ ಸ್ಟ್ರೋಕ್ ಎಂಜಿನ್ ಇಂದಿಗೂ ಜೀವಂತ. ಹೊಸ ಹಿಮವಾಹನವನ್ನು ಮೊದಲ 10 ಗಂಟೆ ಅಥವಾ 500 ಕಿ.ಮೀ. ಪೂರಾ ಆ್ಯಕ್ಸಿಲರೇಟರ್ ಕೊಡದೆ ಓಡಿಸಬೇಕು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬಾರದು, ಆದರೆ ಚುಟುಕಾಗಿ ವೇಗ ಏರಿಸಿ ಇಳಿಸುವುದು ಒಳ್ಳೆಯದು ಎಂದು ಅದರ ಕೈಪಿಡಿ ಹೇಳುತ್ತದೆ. ಹಿಮ ಕಾಣದ ಜಯನಗರದ ಯೆಜ್ಡಿ ಸವಾರ ಅದನ್ನು ಓದಿದರೆ ಅವನಿಗೆ ಹೊಸದೇನೂ ಸಿಗದು.

ಈ ಪದ್ಧತಿ ಸಡಿಲವಾದದ್ದು ಒಂದೇ ಏಟಿಗಲ್ಲ. ಐಡಿಯಲ್ ಜಾವಾ 1996ರಲ್ಲಿ ಬಾಗಿಲು ಹಾಕಿತು, ಆರ್‌ಎಕ್ಸ್ 100 ತಯಾರಿಕೆಯೂ ಅದೇ ವರ್ಷಕ್ಕೆ ಮುಗಿಯಿತು. 2000ದ ಹೊಗೆ ನಿಯಮಗಳು, ಆಮೇಲೆ ಬಂದ ಭಾರತ್ ಸ್ಟೇಜ್ ಮಾನದಂಡಗಳು ಟೂ ಸ್ಟ್ರೋಕನ್ನು ಮೂಲೆಗೆ ತಳ್ಳಿದವು. ಗಣಕಯಂತ್ರಗಳ ಹತೋಟಿಯಲ್ಲಿ ಕೊರೆದ ಸಿಲಿಂಡರುಗಳ ಒಳಮೈ ಹಿಂದಿಗಿಂತ ನಯವಾಯಿತು, ಹಲವು ಎಂಜಿನ್ನುಗಳಲ್ಲಿ ಕಬ್ಬಿಣದ ಬದಲು ಗಟ್ಟಿ ಲೇಪನದ ಅಲ್ಯೂಮಿನಿಯಂ ಬಂತು, ಎಣ್ಣೆ ಸುಧಾರಿಸಿತು. 2020ರ ಬಿಎಸ್ 6 ನಿಯಮದೊಂದಿಗೆ ಕಾರ್ಬ್ಯುರೇಟರ್ ಹೋಗಿ ಇಂಧನದ ಅಳತೆ ಕಂಪ್ಯೂಟರಿನ ಪಾಲಾಯಿತು. ಕಾಯುವ ಪಟ್ಟಿಗಳು ಮರೆತೇಹೋದವು. ಕಂತಿನ ಸಾಲದಲ್ಲಿ ಮಧ್ಯಾಹ್ನ ಕೇಳಿದರೆ ಸಂಜೆಗೆ ಕೆಎ 05 ಗಾಡಿ ಮನೆಯ ಮುಂದೆ. ಒಂದೇ ಗಾಡಿಯಲ್ಲಿ ಇಪ್ಪತ್ತು ವರ್ಷ ಕಳೆಯುವ ಯೋಚನೆ ಇಲ್ಲದವನಿಗೆ ಐನೂರು ಕಿಲೋಮೀಟರಿನ ಸಂಯಮ ಯಾಕೆ? ಇದ್ದರೂ ಸಿಲ್ಕ್ ಬೋರ್ಡ್ ಜಂಕ್ಷನ್ ಮತ್ತು ಬನ್ನೇರುಘಟ್ಟ ರಸ್ತೆಯ ದಟ್ಟಣೆಯಲ್ಲಿ ನಲವತ್ತು ದಾಟುವುದೇ ಸಾಹಸ. ನಿಂತು ನಿಂತು ಕಾಯುವ ಈ ಓಟ ಎಂಜಿನ್ನಿಗೆ ಹಳೆಯ ಕನಕಪುರ ರಸ್ತೆಯ ಸವಾರಿಯಷ್ಟು ಒಳ್ಳೆಯದಲ್ಲ ಎನ್ನುವುದು ಬೇರೆ ಮಾತು. ಪೆಟ್ರೋಲ್ ಗಾಡಿಗಳ ಕೈಪಿಡಿಗಳಲ್ಲಿ ರನ್ನಿಂಗ್ ಇನ್ ಪುಟ ಇಂದಿಗೂ ಇದೆ, ಮೊದಲ ಸರ್ವಿಸಿನಲ್ಲಿ ಎಣ್ಣೆ ಬದಲಿಸುವ ನಿಯಮವೂ ಇದೆ. ಪುಟ ಬಿಚ್ಚುವವರು ಕಡಿಮೆ.

ಬೆಂಗಳೂರಿನದೇ ಆದ ಎಥರ್ ಕಂಪನಿ 2018ರಲ್ಲಿ ತನ್ನ ವಿದ್ಯುತ್ ಸ್ಕೂಟರನ್ನು ಇಲ್ಲಿ ಮಾರತೊಡಗಿದ ಮೇಲೆ ಪಿಸ್ಟನ್ನೂ ರಿಂಗೂ ಇಲ್ಲದ ಗಾಡಿಗಳು ಬಡಾವಣೆಗಳಿಗೆ ಬಂದವು. ಅವುಗಳ ಮೋಟಾರಿಗೆ ಹಳೆಯ ಅರ್ಥದ ರನ್ನಿಂಗ್ ಇನ್ ಬೇಕಿಲ್ಲ. ಆದರೆ ಹೊಸ ಟೈರಿನ ನುಣುಪು ಹೋಗಿ ರಸ್ತೆ ಹಿಡಿಯಲು, ಬ್ರೇಕ್ ಪ್ಯಾಡುಗಳು ಡಿಸ್ಕಿಗೆ ಒಗ್ಗಲು ಅವುಗಳಿಗೂ ಮೊದಲ ನೂರೈವತ್ತು ಕಿಲೋಮೀಟರ್ ಬೇಕು. ಅಷ್ಟು ದೂರ ತಿರುವಿನಲ್ಲಿ ಓರೆಯಾಗದೆ, ಬ್ರೇಕನ್ನು ಗಕ್ಕನೆ ಒತ್ತದೆ ಓಡಿಸುವುದು ಕ್ಷೇಮ.